ಮೂರು ವರ್ಷ ಸ್ಪೀಡ್ ಗನ್ ಹಿಡಿದ ಮೇಲೆ

ಹುಡುಗರಿಗೆ ಬೌಲಿಂಗ್ ಹೇಳಿಕೊಡುತ್ತೇನೆ. ಚೆಂಡಿನ ವೇಗ ಅಳೆಯುವ, ಕೈಯಲ್ಲಿ ಹಿಡಿಯುವ ಸ್ಪೀಡ್ ಗನ್ ತಗೊಂಡು ಮೂರು ವರ್ಷ ಆಯ್ತು. ವಾರಕ್ಕೆ ನಾಲ್ಕು ದಿನ ಬಳಸುತ್ತೇನೆ. ತಗೊಳ್ಳಬೇಕು ಅಂತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಗನ್ ಎಷ್ಟೇ ಒಳ್ಳೆಯದಿರಲಿ, ನಿಲ್ಲುವ ಜಾಗ ತಪ್ಪಿದರೆ ಅದು ಕೊಡುವ ನಂಬರೂ ತಪ್ಪು.

ಮೊದಲ ತಿಂಗಳು ನನಗೆ ಇದು ಗೊತ್ತಿರಲಿಲ್ಲ. ನೆಟ್ ಪಕ್ಕದಲ್ಲಿ ಓರೆಯಾಗಿ ನಿಂತು ಅಳೆಯುತ್ತಿದ್ದೆ. ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಹಾಕುವ ಹುಡುಗನಿಗೆ ಬಂದದ್ದು ಗಂಟೆಗೆ 104 ಕಿ.ಮೀ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದ. ಮರುದಿನ ಬ್ಯಾಟರ್ ಕಡೆಯ ಸ್ಟಂಪ್ಸ್ ಹಿಂದೆ, ನೆಟ್‌ನ ಆಚೆ, ನೇರಕ್ಕೆ ನಿಂತೆ. ಅದೇ ಹುಡುಗ, ಅದೇ ರನ್ ಅಪ್, 119!

ಗನ್ ಬಿಟ್ಟ ರೇಡಿಯೋ ಅಲೆ ಚೆಂಡಿಗೆ ತಾಗಿ ವಾಪಸ್ ಬರುತ್ತದೆ. ಅದರ ಆವರ್ತನ ಎಷ್ಟು ಬದಲಾಯಿತು ಅನ್ನುವುದರಿಂದ ವೇಗ ಗೊತ್ತಾಗುತ್ತದೆ. ಆದರೆ ಗನ್‌ಗೆ ಸಿಗುವುದು ತನ್ನ ಕಡೆಗೆ ಬರುವ ವೇಗ ಮಾತ್ರ. ಚೆಂಡಿನ ದಾರಿಯಿಂದ 10 ಡಿಗ್ರಿ ಓರೆಯಾದರೆ ಶೇ 1.5 ಕಡಿಮೆ ತೋರಿಸುತ್ತದೆ. 20 ಡಿಗ್ರಿಗೆ ಶೇ 6, 30 ಡಿಗ್ರಿಗೆ ಶೇ 13. ಓರೆಯಿಂದ ನಂಬರ್ ಯಾವತ್ತೂ ಜಾಸ್ತಿ ಆಗಲ್ಲ, ಕಡಿಮೆಯೇ ಆಗುತ್ತದೆ. ಈಗ ಸುಣ್ಣದಲ್ಲಿ ಗುರುತು ಹಾಕಿ, ದಿನಾ ಅಲ್ಲೇ ಸ್ಟ್ಯಾಂಡ್ ಇಡುತ್ತೇನೆ.

ಟ್ರಿಗರ್ ಒತ್ತುವುದಕ್ಕೂ ಅಭ್ಯಾಸ ಬೇಕು. ಟಿವಿಯಲ್ಲಿ ತೋರಿಸುವುದು ಚೆಂಡು ಕೈ ಬಿಟ್ಟಾಗಿನ ವೇಗ. 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಹಾಕಿದ 161.3 ಕೂಡ ಹಾಗೆ ಅಳೆದದ್ದೇ. ನಾವು ತಡವಾಗಿ ಒತ್ತಿದರೆ ಪಿಚ್ ಬಿದ್ದು ನಿಧಾನವಾದ ಚೆಂಡು ಸಿಗುತ್ತದೆ. ಬೌಲರ್ ಜಂಪ್ ಮಾಡುವಾಗಲೇ ಒತ್ತಿ ಹಿಡಿಯಿರಿ. ಬ್ಯಾಟ್ ಬೀಸಿದರೆ ಅದನ್ನೂ ಓದಿಬಿಡುತ್ತದೆ, ಹಾಗಾಗಿ ಅಳೆಯುವಾಗ ಬ್ಯಾಟಿಂಗ್ ಇಲ್ಲ.

ಗನ್ ಇಲ್ಲದಿದ್ದರೆ ಮೊಬೈಲ್ ವಿಡಿಯೋದಲ್ಲಿ ಫ್ರೇಮ್ ಎಣಿಸಬಹುದು. ಎರಡೂ ಕಡೆಯ ಪಾಪಿಂಗ್ ಕ್ರೀಸ್ (ಸ್ಟಂಪ್ಸ್ ಮುಂದಿನ ಗೆರೆ) ನಡುವೆ 17.68 ಮೀಟರ್. ಅದನ್ನು ದಾಟಲು ಚೆಂಡಿಗೆ ಎಷ್ಟು ಫ್ರೇಮ್ ಹಿಡಿಯಿತು ಅನ್ನುವುದರಿಂದ ಸಮಯ, ಸಮಯದಿಂದ ವೇಗ ಸಿಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಸಾಲದು, 120ರ ವೇಗದಲ್ಲಿ ಒಂದೇ ಫ್ರೇಮ್ ತಪ್ಪಿದರೂ 7 ಕಿ.ಮೀ. ಆಚೀಚೆ ಆಗುತ್ತದೆ. 240 ಫ್ರೇಮ್ ಇದ್ದರೆ ಪರವಾಗಿಲ್ಲ. ಅದು ಸರಾಸರಿ ವೇಗ, ಗನ್‌ಗಿಂತ ಕಡಿಮೆ ಬರುತ್ತದೆ ಅಷ್ಟೇ.

ತೊಂದರೆಯೂ ಆಗಿದೆ. ಎರಡನೇ ವರ್ಷ ಟ್ರಿಗರ್ ಕೆಟ್ಟಿತು, ರಿಪೇರಿಯಾಗಿ ಬರಲು ಮೂರು ತಿಂಗಳು ಹಿಡಿಯಿತು. ಬ್ಯಾಟರಿ ಇಳಿದಾಗ ಕೆಲವು ಚೆಂಡುಗಳಿಗೆ ನಂಬರೇ ಬರಲ್ಲ.

ಆದರೂ ಇದನ್ನು ಬಿಡಲ್ಲ. ಬೆನ್ನುನೋವಿನಿಂದ ವಾಸಿಯಾಗಿ ಬಂದ ಒಬ್ಬ ಹುಡುಗ ಮೊದಲ ಓವರ್‌ನಲ್ಲಿ 118 ಹಾಕಿದ. ನಾಲ್ಕನೇ ಓವರ್‌ಗೆ 109. ಕೇಳಿದರೆ, 'ಏನೂ ಸುಸ್ತಿಲ್ಲ ಸರ್' ಅಂದ. ನಂಬರ್ ನೋಡಿದ ಮೇಲೆ ಅವನ ಕಾಲು ಗಮನಿಸಿದೆ. ಚೆಂಡು ಬಿಡುವಾಗ ಮುಂದಿನ ಮಂಡಿ ಕುಸಿಯುತ್ತಿತ್ತು. ಅಲ್ಲಿಗೇ ನಿಲ್ಲಿಸಿದೆ. ಗನ್ ಇಲ್ಲದಿದ್ದರೆ ಇನ್ನೆರಡು ಓವರ್ ಹಾಕಿಸುತ್ತಿದ್ದೆ ಅಲ್ವಾ?

ಒಂದು ವಿಷಯ ಮರೆಯಬೇಡಿ. ಡಿಸ್‌ಪ್ಲೇ ಹುಡುಗರಿಗೆ ಕಾಣದ ಹಾಗೆ ಇಡಿ. ನಂಬರ್ ಕಂಡರೆ ಸುಮ್ನೆ ಜೋರಾಗಿ ಎಸೆಯಲು ಹೋಗಿ ಲೈನ್ ಬಿಡುತ್ತಾರೆ. ನಾನು ಪುಸ್ತಕದಲ್ಲಿ ಬರೆದುಕೊಂಡು, ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕರೆದು ತೋರಿಸುತ್ತೇನೆ.