ಸೈಟು ಮಾರುವ ಕೆಲಸಕ್ಕೆ ಸೇರುವವರೇ, ಬಂಧುಗಳ ಪಟ್ಟಿ ಬರೆದುಕೊಡಬೇಡಿ

‘ಗ್ರಾಹಕರ ಹಿತವನ್ನೇ ಮೊದಲು ನೋಡುವ ಪ್ರತಿಭಾವಂತರು ಬೇಕಾಗಿದ್ದಾರೆ, ನಿಗದಿತ ಸಂಬಳದ ಮೇಲೆ ಇನ್ಸೆಂಟಿವ್ ಉಂಟು’ ಎಂದು ಜಾಹೀರಾತು ಕೊಟ್ಟಿದ್ದ ಬೆಂಗಳೂರಿನ ರಿಯಲ್ ಎಸ್ಟೇಟ್ ಸಂಸ್ಥೆಯೊಂದು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿತು. ಮುಂದೆ ನಡೆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ; ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅಲ್ಲಿ ನೇಮಕಾತಿ ಇನ್ನೂ ನಡೆಯುತ್ತಲೇ ಇದೆ.

ಸಂದರ್ಶನದಲ್ಲಿ ಖಾತೆ, ಭೂಪರಿವರ್ತನೆ, ಋಣಭಾರ ಪತ್ರಗಳ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ನಿಮ್ಮವರಲ್ಲಿ ಐಟಿಯಲ್ಲಿರುವವರು ಯಾರು, ಇತ್ತೀಚೆಗೆ ನಿವೃತ್ತರಾದವರು ಯಾರು, ಊರಿನ ಜಮೀನು ಮಾರಿ ಹಣ ಇಟ್ಟುಕೊಂಡವರು ಯಾರು ಎಂದು ಕೇಳಿದರು. ಆಮೇಲೆ ತರಬೇತಿಯ ಹೆಸರಿನಲ್ಲಿ ಅವರೆಲ್ಲರ ಮೊಬೈಲ್ ಸಂಖ್ಯೆಗಳನ್ನು ಬರೆಸಿಕೊಂಡರು.

ಒಂದು ಸಂಜೆ ಸೋದರಮಾವ ಫೋನ್ ಮಾಡಿ, “ನಿಮ್ಮ ಆಫೀಸಿನವರು ನಿನ್ನ ಹೆಸರು ಹೇಳಿದರಪ್ಪ, ಹೊಸಕೋಟೆ ಕಡೆ ಸೈಟಂತೆ, ನೀನಿದ್ದೀಯಲ್ಲ ಅಂತ ಟೋಕನ್ ಹಣ ಹಾಕಿಬಿಟ್ಟೆ” ಎಂದರು. ನನಗೆ ಏನೊಂದೂ ತಿಳಿದಿರಲಿಲ್ಲ. ನನ್ನ ಹೆಸರು ಹೇಳಿ, ನನಗೇ ತಿಳಿಸದೆ, ನನ್ನ ಮಾವನ ನಿವೃತ್ತಿಯ ಹಣಕ್ಕೆ ಕೈಹಾಕಿದ್ದರು!

ಬಡಾವಣೆಯ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಮ್ಯಾನೇಜರ್, “ಮಾರಾಟ ಶುರುವಾಗುವ ಮೊದಲಿನ ಪ್ರೀ-ಲಾಂಚ್ ದರ ಸಿಗುವಾಗ ರೇರಾ ಯಾರು ಕೇಳುತ್ತಾರೆ?” ಎಂದರು. 2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರಿದ ಬಡಾವಣೆಯನ್ನು ನೋಂದಣಿಗೆ ಮೊದಲು ಮಾರುವುದಿರಲಿ, ಜಾಹೀರಾತು ಕೊಡುವಂತೆಯೂ ಬುಕಿಂಗ್ ಪಡೆಯುವಂತೆಯೂ ಇಲ್ಲ, ಮಾರಿಸುವ ಏಜೆಂಟರಿಗೂ ದಂಡವಿದೆ ಎಂದೆ. “ನಿಮಗೆ ಗ್ರಾಹಕರ ಕಾಳಜಿ ಅತಿಯಾಯಿತು, ಸೇಲ್ಸಿಗೆ ನೀವು ಹೊಂದುವುದಿಲ್ಲ” ಎಂಬ ಉತ್ತರ ಬಂತು. ಜಾಹೀರಾತು ಬರೆದವರೂ ಇವರೇ! ಪಟ್ಟಿ ಹಿಂತಿರುಗಿಸಿ ಎಂದರೆ, “ಬರೆದುಕೊಟ್ಟವರು ನೀವೇ ತಾನೆ?” ಸಂಬಳ ಕೇಳಿದರೆ, “ಮೊದಲ ಬುಕಿಂಗ್ ಆದ ಮೇಲಷ್ಟೇ ಸಂಬಳ.” ಮಾವನ ಬುಕಿಂಗ್ ಆಗಿದೆಯಲ್ಲ ಎಂದರೆ, ಅದು ಫೋನ್ ಮಾಡಿದ ಟೆಲಿಕಾಲರ್ ಲೆಕ್ಕಕ್ಕೆ ಹೋಯಿತಂತೆ.

ಮಾವನ ಹಣ ಇಂದಿಗೂ ಬಂದಿಲ್ಲ. ಅದೇ ಸೈಟಿಗೆ ಬೇರೆ ಗಿರಾಕಿ ಸಿಕ್ಕ ಮೇಲೆ ಕೊಡುತ್ತಾರಂತೆ, ಅಂದರೆ ಇನ್ನೊಬ್ಬರ ಮಾವನನ್ನು ಹುಡುಕುತ್ತಿದ್ದಾರೆ.

ನಿಗದಿತ ಸಂಬಳ ನೇಮಕಾತಿ ಪತ್ರದಲ್ಲಿ ಕಾಣದಿದ್ದರೆ ಸೇರಬೇಡಿ. ಅವರು ಮಾರುವ ಬಡಾವಣೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ, ಅವರು ತೋರಿಸುವ ಕರಪತ್ರವನ್ನು ನಂಬಬೇಡಿ. ಬಂಧುಗಳ ಹೆಸರು ಕೇಳಿದ ಕೂಡಲೇ ಎದ್ದು ಬನ್ನಿ, ಎಂಥ ಪರಿಚಯಸ್ಥರೇ ಕರೆದುಕೊಂಡು ಹೋಗಿರಲಿ.