ಬ್ಯಾಡಗಿ ಪೇಟೆಯಲ್ಲಿ ಮೂರು ಡೇಟಾಬೇಸ್: ಯಾವುದನ್ನು ಸಾಕುವುದು ಹಗುರ?

"ಸರ, ಪಟ್ಟಿ ಮ್ಯಾಲ ರೈತನ ಹೆಸರ ಇಲ್ಲರಿ. ಬರೇ ಪ್ರಶ್ನೆ ಚಿಹ್ನೆ ಬಂದಾವ. ಐದ ಅದಾವ ನೋಡ್ರಿ."

ಫೋನ್ ಮಾಡಿದ್ದು ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ. ಅಲ್ಲಿ ಓಡುವ ಬಿಲ್ಲಿಂಗ್ ಪ್ರೋಗ್ರಾಮ್ ನನ್ನದು. ಅಂದು ಸೋಮವಾರ. ಟೆಂಡರ್ ಮುಗಿದು ರೈತರಿಗೆ ಮಾರಾಟದ ಪಟ್ಟಿ ಕೊಡುವ ಹೊತ್ತು. ನಾನು ಸುಮಾರು ಎಂಬತ್ತು-ತೊಂಬತ್ತು ಕಿಲೋಮೀಟರ್ ದೂರ, ಹುಬ್ಬಳ್ಳಿ ವಿದ್ಯಾನಗರದ ನನ್ನ ಎರಡು ಕೋಣೆಯ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದೆ.

ರೈತನ ಹೆಸರು ಬಸಪ್ಪ. ಕಣ್ಣಿಗೆ ಮೂರೇ ಅಕ್ಷರ. ಆದರೆ ಯೂನಿಕೋಡ್‌ನಲ್ಲಿ ಬ, ಸ, ಪ, ಒತ್ತಿನ ಗುರುತು, ಮತ್ತೊಂದು ಪ. ಲೆಕ್ಕ ಸರಿಯಾಗಿಯೇ ಇತ್ತು, ಐದು ಪ್ರಶ್ನೆ ಚಿಹ್ನೆ! ತಪ್ಪು ನನ್ನದೇ. ಡೇಟಾಬೇಸ್‌ನಲ್ಲಿ ಟೇಬಲ್ ಮಾಡುವಾಗ ಯಾವ ಲಿಪಿಗಳನ್ನು ಉಳಿಸಬೇಕು ಎಂಬ ಕ್ಯಾರೆಕ್ಟರ್ ಸೆಟ್ ಹೇಳಿರಲಿಲ್ಲ, ಅದು ಕನ್ನಡ ಬಾರದ ಲ್ಯಾಟಿನ್1 ಹಿಡಿದು ಕೂತಿತ್ತು. ಹೊಂದದ ಡೇಟಾ ಬಂದರೆ ತಡೆಯುವ ಸ್ಟ್ರಿಕ್ಟ್ ಮೋಡ್ ಕೂಡ ಆಫ್. ಅಲ್ಲಿವರೆಗೆ ಹೆಸರೆಲ್ಲ ಇಂಗ್ಲಿಷಿನಲ್ಲಿ ಹೊಡೆಯುತ್ತಿದ್ದರು. ಅವತ್ತು ಮೊದಲ ಸಲ ಕನ್ನಡ ಹೊಡೆದರು, ಡೇಟಾಬೇಸ್ ಸುಮ್ನೆ ನುಂಗಿಬಿಟ್ಟಿತು. ಹಾಗೆ ಹೋದ ಅಕ್ಷರ ವಾಪಸ್ ಬರುವುದಿಲ್ಲ. ಕೈಚೀಟಿ ನೋಡಿ ಮತ್ತೆ ಹೊಡೆದೆವು.

ಅವತ್ತಿನಿಂದ ಈವರೆಗೆ ಮಾರಿಯಾಡಿಬಿ, ಪೋಸ್ಟ್‌ಗ್ರೆಸ್, ಎಸ್‌ಕ್ಯುಲೈಟ್ ಎಂಬ ಮೂರು ಡೇಟಾಬೇಸ್‌ಗಳನ್ನೂ ಬೇರೆ ಬೇರೆ ಅಂಗಡಿಗಳಲ್ಲಿ ಓಡಿಸಿದ್ದೇನೆ. ಮೈಎಸ್‌ಕ್ಯುಎಲ್ ಒಂದು ಸೀಸನ್ ಮಾತ್ರ. ವೇಗದ ಮಾತು ಇಲ್ಲಿ ಬೇಡ. ಒಂದು ದಲಾಲಿ ಅಂಗಡಿಯ ಲಾಟು (ಒಟ್ಟಿಗೆ ಮಾರುವ ರಾಶಿ), ಚೀಲ, ತೂಕ, ಹಮಾಲಿಗೆ ಇವುಗಳಲ್ಲಿ ಯಾವುದಾದರೂ ಸಾಕು, ಸಾಕಾಗಿ ಉಳಿಯುತ್ತದೆ. ನಾನು ನೋಡಿದ್ದು ಬೇರೆ. ಅಪ್‌ಡೇಟ್ ಯಾವಾಗ ಬರುತ್ತದೆ? ಹಳೆಯದಕ್ಕೆ ಎಷ್ಟು ವರ್ಷ ಔಷಧಿ ಸಿಗುತ್ತದೆ? ನನ್ನ ಎಷ್ಟು ರಾತ್ರಿ ಹಾಳಾಗುತ್ತದೆ? ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಮೇವಿನ ಲೆಕ್ಕ ಮನೆಗೆ ಬಂದಮೇಲೆ ನೆನಪಾಗುತ್ತದೆ. ಹಾಗಾಯ್ತು ನನ್ನ ಕತೆ.

ಮೊದಲು ಮಾರಿಯಾಡಿಬಿ. ಆ ಅಂಗಡಿಯಲ್ಲಿ ಕಾಲೇಜು ಹುಡುಗರೆಲ್ಲ ಹಾಕಿಕೊಳ್ಳುವ ಒಂದು ರೆಡಿಮೇಡ್ ಪ್ಯಾಕೇಜ್ ಹಾಕಿದ್ದೆ. ಬಟನ್ ಮೇಲೆ ಮೈಎಸ್‌ಕ್ಯುಎಲ್ ಎಂದಿತ್ತು, ಒಳಗೆ ಓಡುತ್ತಿದ್ದದ್ದು ಮಾರಿಯಾಡಿಬಿ. ನನಗೆ ಅದು ಗೊತ್ತಾಗಿದ್ದೇ ಎರಡು ವರ್ಷ ಆದಮೇಲೆ. ಎರಡೂ ಒಂದೇ ಮನೆಯವು, ಪಾಲಾಗಿ ಹೋದವು. 1995ರಲ್ಲಿ ಶುರುವಾದ ಮೈಎಸ್‌ಕ್ಯುಎಲ್ ಕಂಪನಿಯನ್ನು 2008ರಲ್ಲಿ ಸನ್ ಕೊಂಡಿತು, 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಮೈಎಸ್‌ಕ್ಯುಎಲ್ ಕಟ್ಟಿದವರಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ 2009ರಲ್ಲೇ ಬೇರೆ ಮನೆ ಹೂಡಿದರು. ಹಳೆಯದಕ್ಕೆ ದೊಡ್ಡ ಮಗಳ ಹೆಸರು, ಹೊಸದಕ್ಕೆ ಚಿಕ್ಕ ಮಗಳ ಹೆಸರು. ಪಾಲಾದ ಹೊಸದರಲ್ಲಿ ಎರಡೂ ಮನೆಯ ಅಡುಗೆ ಒಂದೇ ರುಚಿ ಇತ್ತು. ಈಗ ಹಾಗಿಲ್ಲ. ಮೈಎಸ್‌ಕ್ಯುಎಲ್ 8ರಿಂದ ತೆಗೆದ ಡಂಪ್ (ಇಡೀ ಡೇಟಾ ಬರೆದಿಟ್ಟ ಫೈಲ್) ಅನ್ನು ಮಾರಿಯಾಡಿಬಿ 10ಕ್ಕೆ ಹಾಕಿದರೆ 'ಈ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ನನಗೆ ಗೊತ್ತಿಲ್ಲ' ಎಂದು ನಿಂತುಬಿಡುತ್ತದೆ.

ಮಾರಿಯಾಡಿಬಿ ಸಾಕುವುದು ನಿಜಕ್ಕೂ ಹಗುರ. ಹಳೆಯದನ್ನು ನಿಲ್ಲಿಸು, ಹೊಸದನ್ನು ಹಾಕು, ಅಪ್‌ಗ್ರೇಡ್ ಕಮಾಂಡ್ ಓಡಿಸು, ಮುಗೀತು. 10.11 ಬಂದದ್ದು 2023ರ ಫೆಬ್ರುವರಿಯಲ್ಲಿ, 2028ರ ಫೆಬ್ರುವರಿವರೆಗೆ ಅದಕ್ಕೆ ಸಪೋರ್ಟ್ ಇದೆ. ನನಗೆ ತುಂಬ ಹಿಡಿಸಿದ್ದು ಅದರ ಸಿಸ್ಟಮ್ ವರ್ಷನಿಂಗ್. ಟೇಬಲ್‌ಗೆ ಒಂದು ಸಾಲು ಸೇರಿಸಿದರೆ ಸಾಕು, ಪ್ರತಿ ತಿದ್ದುಪಡಿಯ ಹಳೆಯ ರೂಪವನ್ನೂ ತಾನೇ ಇಟ್ಟುಕೊಳ್ಳುತ್ತದೆ. ಟೆಂಡರ್ ಆದಮೇಲೆ ಲಾಟಿನ ದರ ತಿದ್ದಿದ್ದು ಯಾವಾಗ, ಮೊದಲು ಎಷ್ಟಿತ್ತು ಎಂದು ಸಾವಕಾರರು ಕೇಳಿದರೆ ಒಂದು ಕ್ವೆರಿಯಲ್ಲಿ ಉತ್ತರ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ, ತಿದ್ದಿದಾಗ ತಾನೇ ಓಡುವ ಟ್ರಿಗರ್ ಬರೆಯುತ್ತ ನಾನು ಎರಡು ದಿನ ಕೂತಿದ್ದೆ.

ಆದರೂ ಒಂದು ದಿನ ಅಲ್ಲಿ ಮುಗ್ಗರಿಸಿದೆ. ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಸತ್ತಿತ್ತು, ಮರುದಿನ ಸರ್ವಿಸ್ ಏಳಲಿಲ್ಲ. ಗಾಬರಿಯಲ್ಲಿ ಯಾರೋ ಹೇಳಿದ ಉಪಾಯ ಮಾಡಿದೆ. ಡೇಟಾ ಫೋಲ್ಡರಿನಲ್ಲಿದ್ದ ಐಬಿಡೇಟಾ1 ಫೈಲ್ ಅಳಿಸಿದೆ! ಮಾರಿಯಾಡಿಬಿಯೊಳಗೆ ಡೇಟಾ ಇಡುವ ಎಂಜಿನ್ ಇನ್ನೋಡಿಬಿ ತನ್ನ ಎಲ್ಲ ಟೇಬಲ್‌ಗಳ ಒಳಲೆಕ್ಕ ಬರೆದಿಟ್ಟುಕೊಳ್ಳುವುದು ಅದರಲ್ಲೇ. ಆಮೇಲೆ ಸರ್ವಿಸ್ ಎದ್ದಿತು, ಟೇಬಲ್ ಹೆಸರುಗಳೂ ಕಂಡವು. ಯಾವುದನ್ನು ತೆರೆದರೂ 'ಎಂಜಿನ್‌ನಲ್ಲಿ ಇಲ್ಲ' ಎಂಬ ಉತ್ತರ. ಮುಟ್ಟದೆ ಬಿಟ್ಟು, ಎರರ್ ಲಾಗ್ ಓದಿದ್ದರೆ ಸಾಕಿತ್ತು. ಆಮೇಲೆ ನೋಡಿದರೆ ಕೆಟ್ಟದ್ದು ಬರೀ ಒಂದು ಸಿಸ್ಟಮ್ ಟೇಬಲ್. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಮಾನ ಉಳಿಯಿತು.

ಇನ್ನೊಂದು ಮಾತು. 2024ರ ಮೇ ತಿಂಗಳ ಅಪ್‌ಡೇಟ್‌ನಿಂದ ಮಾರಿಯಾಡಿಬಿಯ ಡಂಪ್ ಫೈಲಿನ ಮೊದಲ ಸಾಲಿನಲ್ಲಿ 'ಸ್ಯಾಂಡ್‌ಬಾಕ್ಸ್ ಮೋಡ್' ಎಂಬ ಹೊಸ ಗುರುತು ಬರುತ್ತದೆ. ಸುರಕ್ಷತೆಗಾಗಿ ಹಾಕಿದ್ದು. ಹಳೆಯ ಕ್ಲೈಂಟ್‌ನಿಂದ ಅದೇ ಫೈಲ್ ವಾಪಸ್ ಹಾಕಲು ಹೋದರೆ ಮೊದಲ ಸಾಲಿನಲ್ಲೇ ಎಡವುತ್ತದೆ. ಸರ್ವರ್ ಒಂದನ್ನೇ ಹೊಸದು ಮಾಡಿ ನನ್ನ ಲ್ಯಾಪ್‌ಟಾಪ್ ಮರೆತಿದ್ದೆ. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ತಿರುಗಿ ಹಾಕಿ ನೋಡಬೇಕು ಎಂದು ನಾನು ಹಟ ಹಿಡಿಯಲು ಶುರು ಮಾಡಿದ್ದು ಆಗಿನಿಂದ.

ಮೈಎಸ್‌ಕ್ಯುಎಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಸೀಸನ್ ಚೆನ್ನಾಗಿಯೇ ಓಡಿತು. ಆದರೆ 8.0ರ ಸಪೋರ್ಟ್ 2026ರ ಏಪ್ರಿಲ್‌ಗೆ ಕೊನೆ. ದೀರ್ಘಕಾಲದ ಆವೃತ್ತಿ 8.4ಕ್ಕೆ ಹೋದರೆ ಅಲ್ಲಿ ಹಳೆಯ ಪಾಸ್‌ವರ್ಡ್ ಪದ್ಧತಿ ಮೊದಲಿಂದಲೇ ಆಫ್ ಇರುತ್ತದೆ, 9.0ರಲ್ಲಿ ತೆಗೆದೇ ಹಾಕಿದ್ದಾರೆ. ನನ್ನ ಬಿಲ್ಲಿಂಗ್ ಪ್ರೋಗ್ರಾಮನ್ನು ಡೇಟಾಬೇಸ್‌ಗೆ ಜೋಡಿಸುವ ಕನೆಕ್ಟರ್ ಹಳೇ ಕಾಲದ್ದು, ಅದಕ್ಕೆ ಆ ಹಳೆಯ ಪದ್ಧತಿಯೇ ಬೇಕು. ಅದನ್ನು ಬದಲಿಸುವ ಕೆಲಸ ಹೇಗೂ ಮಾಡಬೇಕು, ಮಾಡುವುದಾದರೆ ಪೋಸ್ಟ್‌ಗ್ರೆಸ್‌ಗೇ ಯಾಕೆ ಹೋಗಬಾರದು ಅನ್ನಿಸಿತು.

ಪೋಸ್ಟ್‌ಗ್ರೆಸ್ ಹುಟ್ಟಿದ್ದು 1986ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಕೈಯಲ್ಲಿ. 1996ರಿಂದ ಅದರ ಪೂರ್ತಿ ಹೆಸರು ಪೋಸ್ಟ್‌ಗ್ರೆಸ್‌ಕ್ಯುಎಲ್. ಇದಕ್ಕೆ ಯಾವ ಒಂದು ಕಂಪನಿಯೂ ಯಜಮಾನ ಅಲ್ಲ. ಸಿದ್ಧಾರೂಢ ಮಠದ ದಾಸೋಹ ನೋಡಿದ್ದೀರಲ್ವಾ? ಕಾಯಿಪಲ್ಲೆ ಹೆಚ್ಚಲು ಯಾರು ಬೇಕಾದರೂ ಕೂರಬಹುದು, ಸಾರಿಗೆ ಉಪ್ಪು ಹಾಕುವವರು ಮಾತ್ರ ಕೆಲವರೇ. ಇಲ್ಲಿಯೂ ಹಾಗೇ. ಪ್ಯಾಚ್ (ಕೋಡಿನ ತಿದ್ದುಪಡಿ) ಯಾರಾದರೂ ಕಳಿಸಬಹುದು. ವರ್ಷಕ್ಕೆ ಕೆಲವು ಸಲ 'ಕಮಿಟ್‌ಫೆಸ್ಟ್' ಎಂದು ಒಂದೊಂದು ತಿಂಗಳು ಕೂತು, ಒಬ್ಬರ ಪ್ಯಾಚ್ ಇನ್ನೊಬ್ಬರು ಓದಿ ತಪ್ಪು ಹುಡುಕುತ್ತಾರೆ. ಒಳಗೆ ಸೇರಿಸುವ ಅಧಿಕಾರ ಕಮಿಟರ್‌ಗಳಿಗೆ ಮಾತ್ರ.

ನನಗೆ ಬೇಕಾದದ್ದು ಅದರ ಪಂಚಾಂಗ. ವರ್ಷಕ್ಕೆ ಒಂದು ದೊಡ್ಡ ಆವೃತ್ತಿ, ಸಾಮಾನ್ಯವಾಗಿ ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್‌ನಲ್ಲಿ. ಪ್ರತಿಯೊಂದಕ್ಕೂ ಐದು ವರ್ಷ ಆಯುಷ್ಯ. ಸಣ್ಣ ರಿಪೇರಿಗಳು ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಎರಡನೇ ಗುರುವಾರ. ಬ್ಯಾಡಗಿ ಪೇಟೆ ಕೂಡುವುದು ಯಾವಾಗ? ಸೋಮವಾರ ಮತ್ತು ಗುರುವಾರ! ಅದರಲ್ಲೂ ಫೆಬ್ರುವರಿ ಎಂದರೆ ಡಬ್ಬಿ, ಕಡ್ಡಿ ಎರಡೂ ತಳಿಯ ಮೆಣಸಿನಕಾಯಿ ಚೀಲದ ಮೇಲೆ ಚೀಲ ಬಂದು ಬೀಳುವ ತಿಂಗಳು. ಪೇಟೆಯೊಳಗೆ ಕಾಲಿಟ್ಟರೆ ಘಾಟಿಗೆ ಸೀನು ನಿಲ್ಲುವುದಿಲ್ಲ. ಅಂಥ ದಿನ ಸರ್ವರ್ ಮುಟ್ಟಿದರೆ ದಿವಾನಜಿ ನನ್ನನ್ನೇ ಒಣಗಲು ಹಾಕುತ್ತಾರೆ.

ಹಾಗಾಗಿ ಒಂದು ವಾರ ಬಿಟ್ಟು, ಶನಿವಾರ ರಾತ್ರಿ ಹಾಕುವ ರೂಢಿ ಮಾಡಿಕೊಂಡೆ. ಸೋಮಾರಿತನ ಎಂದರೂ ಸರಿಯೇ, ಅದರಿಂದ ಎರಡು ಸಲ ಬಚಾವಾದೆ. 2024ರ ನವೆಂಬರ್ 14ರಂದು ಬಂದ ಅಪ್‌ಡೇಟ್ ಕೆಲವು ಎಕ್ಸ್‌ಟೆನ್ಷನ್‌ಗಳ (ಹೊರಗಿನಿಂದ ಸೇರಿಸುವ ಭಾಗಗಳ) ಜೊತೆ ಹೊಂದದೆ, 21ಕ್ಕೆ ಮತ್ತೊಂದು ಬಿಟ್ಟರು. 2025ರ ಫೆಬ್ರುವರಿ 13ರಂದು ಒಂದು ಸುರಕ್ಷತಾ ಲೋಪ ಮುಚ್ಚಿದರು, ಆ ತೇಪೆಯಲ್ಲೇ ತಪ್ಪು ಸಿಕ್ಕಿ 20ಕ್ಕೆ ಮತ್ತೊಂದು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ ಒಂದೇ ವಾರದಲ್ಲಿ ಸರಿ ಮಾಡಿದ್ದು ನನಗೆ ಭರವಸೆ ಕೊಟ್ಟಿತು. ಆದರೂ ಮೊದಲ ದಿನವೇ ಹಾಕುವ ಚಪಲ ನನಗಿಲ್ಲ. ಸಣ್ಣ ಅಪ್‌ಡೇಟ್‌ಗೆ ಡೇಟಾ ಮುಟ್ಟುವುದೇ ಬೇಡ. ಹೊಸ ಪ್ರೋಗ್ರಾಮ್ ಹಾಕಿ ರೀಸ್ಟಾರ್ಟ್ ಮಾಡಿದರೆ ಆಯಿತು, ಒಂದು ಚಹಾ ಮುಗಿಯುವಷ್ಟರಲ್ಲಿ.

ದೊಡ್ಡ ಆವೃತ್ತಿ ಏರಿಸುವುದು ಬೇರೆಯೇ ಪಾಡು. 14ರಿಂದ 17ಕ್ಕೆ ಹೋಗುವಾಗ ಪಿಜಿ ಅಪ್‌ಗ್ರೇಡ್ ಎಂಬ ಅದರದೇ ಪ್ರೋಗ್ರಾಮ್ ಓಡಿಸಿದೆ. ಡೇಟಾ ಎಲ್ಲ ಸರಿಯಾಗಿ ಬಂತು. ಸೋಮವಾರ ಬೆಳಿಗ್ಗೆ ಖಾತೆ ರಿಪೋರ್ಟ್ ತೆಗೆದರೆ ಗಿರಗಿರ ತಿರುಗುತ್ತ ಕೂತಿತು. ಬೇಗ ಹುಡುಕಲು ಬೇಕಾದ, ಟೇಬಲ್‌ನಲ್ಲಿ ಏನೆಲ್ಲ ಇದೆ ಎಂಬ ಅಂಕಿಅಂಶ 17ರವರೆಗೆ ಹೊಸ ಆವೃತ್ತಿಗೆ ಬರುತ್ತಿರಲಿಲ್ಲ. ಅಪ್‌ಗ್ರೇಡ್ ಆದಮೇಲೆ ಅದನ್ನು ಮತ್ತೆ ಲೆಕ್ಕ ಹಾಕಲು ನಾವೇ ಅನಲೈಜ್ ಕಮಾಂಡ್ ಓಡಿಸಬೇಕು. ಪಿಜಿ ಅಪ್‌ಗ್ರೇಡ್ ತನ್ನ ಕೊನೆಯ ಸಾಲುಗಳಲ್ಲಿ ಇದನ್ನು ಹೇಳಿತ್ತು, ನಾನು ಓದದೆ ಮಲಗಿದ್ದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ 18ರಲ್ಲಿ ಈ ಅಂಕಿಅಂಶವೂ ಜೊತೆಗೇ ಬರುತ್ತದೆ. ಅಲ್ಲಿ ಬೇರೆ ಒಂದು ಗಂಟು: ಹೊಸದರಲ್ಲಿ ಡೇಟಾ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಚೆಕ್‌ಸಮ್ ಮೊದಲಿಂದಲೇ ಆನ್. ಹಳೆಯದರಲ್ಲಿ ಆಫ್ ಇದ್ದರೆ ಅಪ್‌ಗ್ರೇಡ್ ಒಪ್ಪುವುದಿಲ್ಲ, ಎರಡೂ ಕಡೆ ಒಂದೇ ಇರಬೇಕು.

ಇನ್ನು ವ್ಯಾಕ್ಯೂಮ್, ಅಂದರೆ ಕಸ ಗುಡಿಸುವ ಕೆಲಸ. ಪೋಸ್ಟ್‌ಗ್ರೆಸ್ ಒಂದು ಸಾಲು ತಿದ್ದಿದಾಗ ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಹೊಸದು ಬರೆಯುತ್ತದೆ. ಹಳೆಯದು ಕಸವಾಗಿ ಬಿದ್ದಿರುತ್ತದೆ. ಪೇಟೆ ದಿನ ಒಂದೊಂದು ಲಾಟನ್ನು ಐದಾರು ಸಲ ತಿದ್ದುತ್ತಾರೆ: ತೂಕ, ದರ, ಖರೀದಿದಾರ, ಕಡಿತ. ಹೀಗಾಗಿ ಕಸ ಜಾಸ್ತಿ. ಗುಡಿಸಲು ಆಟೋವ್ಯಾಕ್ಯೂಮ್ ಇದೆ, ಆದರೆ ಟೇಬಲ್‌ನ ಸುಮಾರು ಶೇ. 20 ಭಾಗ ಕಸವಾದಾಗಲೇ ಅದು ಪೊರಕೆ ಹಿಡಿಯುವುದು. ಲಾಟಿನ ಟೇಬಲ್‌ಗೆ ಮಾತ್ರ ಅದನ್ನು ಶೇ. 2ಕ್ಕೆ ಇಳಿಸಿದೆ. ಆದರೂ ಫೈಲ್ ಊದುತ್ತಲೇ ಇತ್ತು. ಹುಡುಕಿದರೆ ಕಳ್ಳ ಮನೆಯಲ್ಲೇ ಇದ್ದ. ನನ್ನ ರಿಪೋರ್ಟ್ ಸ್ಕ್ರೀನ್ ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್ (ಒಂದು ಸುತ್ತಿನ ವ್ಯವಹಾರ) ತೆರೆದು ಮುಚ್ಚುತ್ತಿರಲಿಲ್ಲ. ಸಾವಕಾರರು ಬೆಳಿಗ್ಗೆ ಅದನ್ನು ತೆರೆದಿಟ್ಟರೆ ಸಂಜೆವರೆಗೂ ಹಾಗೇ. ಅದು ತೆರೆದಿರುವವರೆಗೆ ಆಮೇಲೆ ಬಿದ್ದ ಕಸವನ್ನು ಯಾರೂ ಗುಡಿಸುವಂತಿಲ್ಲ. ಈ ತಲೆನೋವು ಮಾರಿಯಾಡಿಬಿಯಲ್ಲಿ ನನಗೆ ಬಂದಿರಲಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಒಂದು ಮೋಜಿದೆ. ದಿವಾನಜಿ ಕಂಪ್ಯೂಟರಿನಲ್ಲಿ ಹೊಡೆದ 'ಮಹೇಶ್', ಅವರ ಮಗ ಮೊಬೈಲ್‌ನಲ್ಲಿ ಹೊಡೆದ 'ಮಹೇಶ್‌', ಎರಡೂ ಕಣ್ಣಿಗೆ ಒಂದೇ. ಆದರೆ ಒಂದರ ಕೊನೆಗೆ, ಅಕ್ಷರ ಜೋಡಣೆ ತಡೆಯುವ ಒಂದು ಕಾಣದ ಗುರುತು ಅಂಟಿಕೊಂಡಿರುತ್ತದೆ. ಮೈಎಸ್‌ಕ್ಯುಎಲ್ 8 ಆ ಗುರುತನ್ನು ಲೆಕ್ಕಕ್ಕೆ ಹಿಡಿಯದೆ ಎರಡನ್ನೂ ಒಂದೇ ಎಂದಿತು. ಪೋಸ್ಟ್‌ಗ್ರೆಸ್ ಬೇರೆ ಬೇರೆ ಎಂದು ಎರಡು ಖಾತೆ ತೆರೆಯಿತು. ಅಲ್ಲಿಯೂ ಬೇರೆ ಕೊಲೇಶನ್ ಮಾಡಿ ಸರಿಪಡಿಸಬಹುದು, ಆದರೆ 17ರವರೆಗೆ ಅಂಥ ಕಾಲಮ್ ಮೇಲೆ ಲೈಕ್ ಹಾಕಿ ಹೆಸರಿನ ತುಣುಕು ಹುಡುಕುವಂತಿರಲಿಲ್ಲ. 18ರಲ್ಲಿ ಬಿಟ್ಟಿದ್ದಾರೆ. ನಾನು ಕಾಯಲಿಲ್ಲ, ಹೆಸರು ಉಳಿಸುವ ಮೊದಲೇ ಕೊನೆಯ ಗುರುತು ಕತ್ತರಿಸುತ್ತೇನೆ.

ಎಸ್‌ಕ್ಯುಲೈಟ್ ಹಾಕಿದ್ದು ಸಣ್ಣ ಅಂಗಡಿಗಳಿಗೆ. ಒಂದೇ ಕಂಪ್ಯೂಟರ್, ಒಬ್ಬರೇ ದಿವಾನಜಿ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸ್ ಒಂದು ಫೈಲ್. ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ್ದು. ಕೋಡ್ ಎಲ್ಲರಿಗೂ ಸೇರಿದ್ದು, ಆದರೆ ಹೊರಗಿನವರ ಪ್ಯಾಚ್ ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಕೆಲವು ಖಾನಾವಳಿಗಳಲ್ಲಿ ಒಲೆ ಮುಂದೆ ಮನೆಯವರೇ ಕೂರುತ್ತಾರಲ್ಲ, ಹಾಗೆ. 2004ರ ಫೈಲ್ ಫಾರ್ಮ್ಯಾಟ್ ಇವತ್ತಿಗೂ ನಡೆಯುತ್ತದೆ, 2050ರವರೆಗೆ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಟ್ಟಿದ್ದಾರೆ. ಹಣಕ್ಕೆ ಮಾತ್ರ ದಶಮಾಂಶ ಬೇಡ, ಪೈಸೆಯಲ್ಲಿ ಪೂರ್ಣ ಸಂಖ್ಯೆ ಇಡಿ.

ಇಲ್ಲಿ ನಾನು ತಿಂದ ಪೆಟ್ಟು ಪೆನ್ ಡ್ರೈವ್‌ನದು. ವಾಲ್ ಮೋಡ್ ಹಾಕಿದ್ದೆ. ಅದರಲ್ಲಿ ಹೊಸ ಎಂಟ್ರಿಗಳು ಮೊದಲು ಪಕ್ಕದ ವಾಲ್ ಫೈಲಿಗೆ ಹೋಗಿ ಆಮೇಲೆ ಮುಖ್ಯ ಫೈಲಿಗೆ ಸೇರುತ್ತವೆ. ಒಬ್ಬ ಸಾವಕಾರರು ಪ್ರೋಗ್ರಾಮ್ ತೆರೆದಿದ್ದಾಗಲೇ ಮುಖ್ಯ ಫೈಲ್ ಒಂದನ್ನೇ ಕಾಪಿ ಮಾಡಿ ಮನೆಗೆ ಒಯ್ದರು. ತೆರೆದರೆ ಗುರುವಾರದ ಪಟ್ಟಿಗಳೇ ಇಲ್ಲ. ಈಗ ಒಂದು ಬಟನ್ ಕೊಟ್ಟಿದ್ದೇನೆ, ಅದು ವ್ಯಾಕ್ಯೂಮ್ ಇಂಟೂ ಎಂಬ ಕಮಾಂಡ್ ಓಡಿಸಿ ಪೂರ್ತಿ ಪ್ರತಿ ತೆಗೆದುಕೊಡುತ್ತದೆ.

ಈಗಿನ ಲೆಕ್ಕ ಇಷ್ಟು. ಒಂದೇ ಕಂಪ್ಯೂಟರಿನ ಅಂಗಡಿಗಳಿಗೆ ಎಸ್‌ಕ್ಯುಲೈಟ್, ಅಲ್ಲಿಂದ ನನಗೆ ಫೋನೇ ಬರುವುದಿಲ್ಲ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಮಾರಿಯಾಡಿಬಿ 10.11 ಇದೆ. ಅದು 2028ರವರೆಗೆ ಹಾಗೇ ಇರಲಿ, ಕೆಣಕುವುದಿಲ್ಲ. ನಾಲ್ಕೈದು ಜನ ಒಟ್ಟಿಗೆ ಎಂಟ್ರಿ ಹೊಡೆಯುವ ದೊಡ್ಡ ದಲಾಲಿ ಅಂಗಡಿಗಳಿಗೆ ಪೋಸ್ಟ್‌ಗ್ರೆಸ್. ಮೂರರಲ್ಲಿ ಜಾಸ್ತಿ ಕೆಲಸ ಕೇಳುವುದು ಅದೇ, ಆದರೆ ಯಾವಾಗ ಕೇಳುತ್ತದೆ ಎಂದು ನನಗೆ ಮೊದಲೇ ಗೊತ್ತಿರುತ್ತದೆ.

ಒಂದು ಅಂಗಡಿಯಲ್ಲಿ ಇನ್ನೂ ಪೋಸ್ಟ್‌ಗ್ರೆಸ್ 14 ಓಡುತ್ತಿದೆ. ಅದರ ಆಯುಷ್ಯ 2026ರ ನವೆಂಬರ್‌ಗೆ ಮುಗಿಯುತ್ತದೆ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜೆ ಆಗುವ ಮೊದಲು, ಮಾಲು ಕೋಲ್ಡ್ ಸ್ಟೋರೇಜ್ ಸೇರಿ ಪೇಟೆ ಸಪ್ಪಗಿರುವಾಗ ಮಾಡೋಣ ಎಂದೆ. ದಿವಾನಜಿ ಗೋಡೆಯ ಕ್ಯಾಲೆಂಡರ್ ತಿರುವಿ ಆಗಸ್ಟ್‌ನ ಒಂದು ಶನಿವಾರಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು.

"ಆಮ್ಯಾಲ ಅನಲೈಜ್ ಮಾಡೂದ ಮರೀಬ್ಯಾಡ್ರಿ ಸರ" ಅಂದರು.