ಅಬ್ರಿಲ್ ಫ್ಯಾಟ್‌ಫೇಸ್, ಪ್ಲೇಫೇರ್, ಬೊಡೋನಿ ಮೋಡಾ: ಮೂರನ್ನೂ ಗೋಡೆಗೆ ಅಂಟಿಸಿ ನೋಡಿದೆ

ಗೆಳತಿಯ ಕಾಫಿ ಅಂಗಡಿಗೆ ಬೋರ್ಡು, ಮೆನು ಎರಡನ್ನೂ ಮಾಡಿಕೊಡಬೇಕಿತ್ತು. ಇಂಗ್ಲಿಷ್ ಅಕ್ಷರ ಗಟ್ಟಿಯಾಗಿರಬೇಕು, ಆದರೆ ಒರಟಾಗಿರಬಾರದು ಅಂದಳು. ಅಂದರೆ ದಪ್ಪ ಗೆರೆ ಕಂಬದಷ್ಟು ದಪ್ಪ, ತೆಳು ಗೆರೆ ಕೂದಲೆಳೆ, ಅಂಥ ಸೆರಿಫ್ ಫಾಂಟು (ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡಗೆರೆ ಇರುವ ಅಕ್ಷರ). ಉಚಿತವಾಗಿ ಸಿಗುವ ಮೂರನ್ನು ಇಳಿಸಿಕೊಂಡೆ. ಇಂಗ್ಲಿಷಿನ ‘ಕಾಫಿ’ ಪದವನ್ನು ಮೂರರಲ್ಲೂ ಟೈಪ್ ಮಾಡಿ, 200 ಪಾಯಿಂಟ್‌ನಲ್ಲೊಮ್ಮೆ 9 ಪಾಯಿಂಟ್‌ನಲ್ಲೊಮ್ಮೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ.

ದೊಡ್ಡ ಅಳತೆಯಲ್ಲಿ ಅಬ್ರಿಲ್ ಫ್ಯಾಟ್‌ಫೇಸ್‌ಗೆ ಸಾಟಿಯೇ ಇಲ್ಲ. 19ನೇ ಶತಮಾನದ ಇಂಗ್ಲೆಂಡ್, ಫ್ರಾನ್ಸ್‌ನ ಜಾಹೀರಾತು ಪೋಸ್ಟರ್‌ಗಳ ಅಕ್ಷರ ನೋಡಿ ಟೈಪ್‌ಟುಗೆದರ್ ಎಂಬ ಫಾಂಟ್ ಕಂಪನಿಯವರು ಮಾಡಿದ್ದು ಇದು, ಬೀದಿಯಲ್ಲಿ ಹೋಗುವವರ ಕಣ್ಣನ್ನು ದೂರದಿಂದಲೇ ಹಿಡಿಯೋದು ಅದರ ಹುಟ್ಟುಗುಣ. ‘ಎಫ್’ನ ತುದಿಯಲ್ಲಿರುವ ಗುಂಡು ನೋಡಿ, ಇನ್ನೇನು ತೊಟ್ಟಿಕ್ಕುವ ಶಾಯಿಯ ಹನಿ ಹಾಗಿದೆ! ಆದರೆ 9 ಪಾಯಿಂಟ್‌ನಲ್ಲಿ ಕಥೆಯೇ ಬೇರೆ. ‘ಇ’ಯ ನಡುವಿನ ಅಡ್ಡಗೆರೆ ಮಾಯವಾಗಿ, ಕೊನೆಯ ಎರಡು ‘ಇ’ಗಳೂ ‘ಸಿ’ ಥರ ಕಂಡವು. ಇರೋದೂ ಒಂದೇ ತೂಕ (ಗೆರೆಯ ದಪ್ಪ), ಇಟಾಲಿಕ್ ಇಲ್ಲ. ಮೆನುವಿಗೆ ಆಗಲ್ಲ ಅಂತ ಅಲ್ಲೇ ಗೊತ್ತಾಯಿತು.

ಪ್ಲೇಫೇರ್ ಡಿಸ್‌ಪ್ಲೇ ಬ್ಲ್ಯಾಕ್, ಅಂದರೆ ಅದರ ಅತಿ ದಪ್ಪ ತೂಕ, ಸ್ವಲ್ಪ ಮೆತ್ತಗಿನ ಸ್ವಭಾವದ್ದು. ಡೆನ್ಮಾರ್ಕ್‌ನ ಕ್ಲಾಸ್ ಎಗ್ಗರ್ಸ್ ಸೋರೆನ್ಸೆನ್ ಇದನ್ನು ಮಾಡುವಾಗ 18ನೇ ಶತಮಾನದ ಬಾಸ್ಕರ್‌ವಿಲ್ ಅಚ್ಚಕ್ಷರಗಳ ಕಡೆ ನೋಡಿದ್ದಾರೆ. ಸಣ್ಣಕ್ಷರಗಳು ಎತ್ತರವಾಗಿವೆ, ಹಾಗಾಗಿ ಮೆನುವಿನ ತಲೆಬರಹಕ್ಕೆ 12 ಪಾಯಿಂಟ್ ಕೊಟ್ಟರೂ ಸಲೀಸಾಗಿ ಓದಬಹುದು. ಇಟಾಲಿಕ್ ಅಂತೂ ನನಗೆ ತುಂಬಾ ಇಷ್ಟ. ಬೆಲೆ ಹಾಕುವಾಗ ಮಾತ್ರ ಹುಷಾರು: ಅಂಕಿಗಳು ಹಳೇ ಶೈಲಿಯವು. 60 ಬರೆದರೆ 6 ಎತ್ತರ, 0 ಗಿಡ್ಡ; 45 ಸಾಲಿನಿಂದ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಲೈನಿಂಗ್ ಅಂಕಿಗಳ (ಎಲ್ಲವೂ ಒಂದೇ ಎತ್ತರದವು) ಆಯ್ಕೆ ಆನ್ ಮಾಡಿಕೊಳ್ಳಿ, ಸರಿಹೋಗುತ್ತದೆ.

ಬೊಡೋನಿ ಮೋಡಾ ನಿಂತ ನಿಲುವೇ ಚೆಂದ, ನೆಟ್ಟಗೆ, ಬಿಗಿಯಾಗಿ. ಇಟಲಿಯ ಪಾರ್ಮಾದ ಮುದ್ರಕ ಜಂಬಟಿಸ್ಟಾ ಬೊಡೋನಿಯ ಅಚ್ಚಕ್ಷರಗಳ ವಂಶ ಇದು. ಇದರ ವೇರಿಯಬಲ್ ಫೈಲಿನಲ್ಲಿ (ಅಕ್ಷರದ ರೂಪ ಹೆಚ್ಚು ಕಡಿಮೆ ಮಾಡಬಹುದಾದ ಫಾಂಟ್ ಫೈಲು) 6ರಿಂದ 96ರವರೆಗೆ ಆಪ್ಟಿಕಲ್ ಸೈಜ್ ಇದೆ, ಅಂದರೆ ಅಚ್ಚಾಗುವ ಅಳತೆಗೆ ತಕ್ಕಂತೆ ಗೆರೆ ಹೊಂದಿಸುವ ಆಯ್ಕೆ; ಕಡಿಮೆ ಮಾಡಿದರೆ ತೆಳು ಗೆರೆ ತಾನಾಗಿ ದಪ್ಪವಾಗುತ್ತದೆ. ನಾನು ಅದನ್ನು 96ರಲ್ಲೇ ಬಿಟ್ಟು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ವಿಸಿಟಿಂಗ್ ಕಾರ್ಡ್ ಮಾಡಿ ಅಚ್ಚಿಗೆ ಕೊಟ್ಟೆ. ಶಾಯಿ ಹರಡಿ ತೆಳು ಗೆರೆಗಳೆಲ್ಲ ಮುಚ್ಚಿಹೋದವು, ಹೆಸರಲ್ಲಿ ಬರೀ ಕಂಬಗಳು ಉಳಿದವು. 500 ಕಾರ್ಡು ದಂಡ. ಪ್ರಿಂಟಿಗೆ ಕಳಿಸುವ ಮೊದಲು ಈ ಆಪ್ಟಿಕಲ್ ಸೈಜ್ ಒಂದನ್ನು ದಯವಿಟ್ಟು ನೋಡಿಕೊಳ್ಳಿ.

ಕೊನೆಗೆ ಬೋರ್ಡಿಗೆ ಅಬ್ರಿಲ್, ಮೆನುವಿಗೆ ಪ್ಲೇಫೇರ್. ಕನ್ನಡಕ್ಕೆ ಎರಡೂ ಕಡೆ ನೋಟೋ ಸೆರಿಫ್ ಕನ್ನಡದ ದಪ್ಪ ತೂಕ ಹಾಕಿದೆ. ಅಷ್ಟು ತೆಳು–ದಪ್ಪ ಅದರಲ್ಲಿಲ್ಲ, ಆದರೆ ಅಬ್ರಿಲ್ ಪಕ್ಕದಲ್ಲಿ ಸೊರಗಿ ಕಾಣಲ್ಲ. ‘ಅಕ್ಕಿ ರೊಟ್ಟಿ’ಯ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು, ಸಾಲುಗಳ ನಡುವೆ ಇನ್ನೂ ಮೂರು ಪಾಯಿಂಟ್ ಬಿಟ್ಟೆ.